ಬಲಗಿವಿಯ ಕೆಳಗಿನ ಮಾಲು

ಈ ವರ್ಷ ಜನವರಿ 18, ಭಾನುವಾರ ಬೆಳಿಗ್ಗೆ ಎಂಟರ ಸುಮಾರಿಗೆ ಗಂಗಾವತಿಯ ನಮ್ಮ ಮನೆಯ ಹಿತ್ತಲಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದ ಅಪ್ಪನ ಕೈಗೆ ಬಲಗಿವಿಯ ಕೆಳಗೆ ಒಂದು ಗಂಟು ಸಿಕ್ಕಿತು. ಅಡಿಕೆಯಷ್ಟಿತ್ತು ಎಂದು ಅವ್ವ ಹೇಳುತ್ತಾಳೆ. ಅಪ್ಪನ ಪ್ರಕಾರ ಕಡಲೆಯಷ್ಟು. ಸ್ಕ್ಯಾನಿಂಗ್‌ನಲ್ಲಿ ಹದಿನೆಂಟು ಮಿಲಿಮೀಟರ್ ಎಂದು ಬರೆದುಕೊಟ್ಟರು. ಅವ್ವನ ಅಂದಾಜೇ ಹತ್ತಿರವಿತ್ತು.

ನಾನು ಮನೆಯ ಹಿರಿಮಗಳು, ಕೊಪ್ಪಳದಲ್ಲಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಒಬ್ಬರೇ ಹೇಳಿದ್ದನ್ನು ಸುದ್ದಿ ಮಾಡಬಾರದು, ಹೇಳಿದವರು ಯಾರೆಂದು ಬರೆಯದೆ ಸಾಲು ಮುಗಿಸಬಾರದು, ವಿಶೇಷಣ ಕಂಡರೆ ಹೊಡೆದುಹಾಕಬೇಕು ಎಂಬ ಅಭ್ಯಾಸಗಳು ಅಲ್ಲಿ ಅಂಟಿಕೊಂಡಿವೆ. ಗಂಟಿನ ವಿಷಯ ತಿಳಿದ ದಿನವೇ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಿಯಮ ಹಾಕಿದೆ: ಡಾಕ್ಟರು ಬರೆದುಕೊಟ್ಟದ್ದು ಮಾತ್ರ ಇಲ್ಲಿ ಬರಬೇಕು, ಖಚಿತವಾಗುವವರೆಗೆ ಹೊರಗೆ ಯಾರಿಗೂ ತಿಳಿಯಬಾರದು. ಗುಂಪಿನಲ್ಲಿ ಇರುವುದು ನಾಲ್ಕು ಜನ. ತಮ್ಮ ಒಪ್ಪಿದ. ಎಲ್ಲದಕ್ಕೂ ಕೈಮುಗಿದ ಚಿತ್ರ ಹಾಕುವ ಅವ್ವ ಇದಕ್ಕೂ ಹಾಕಿದಳು. ಅಪ್ಪ ಉತ್ತರ ಕೊಡಲಿಲ್ಲ. ಉತ್ತರ ಕೊಡದಿರುವುದು ಒಪ್ಪಿಗೆಯಲ್ಲ ಎಂಬುದೂ ಡೆಸ್ಕಿನಲ್ಲೇ ಕಲಿತ ಪಾಠ. ಅಂದು ಮರೆತಿದ್ದೆ.

ಅಪ್ಪನಿಗೆ ಎಪ್ಪತ್ತನಾಲ್ಕು. ಭತ್ತದ ದಲಾಲಿ. ಅಂಗಡಿಯನ್ನು ಈಗ ತಮ್ಮ ನೋಡಿಕೊಳ್ಳುತ್ತಾನೆ, ಆದರೆ ಮಾಲು ನೋಡುವ ಕೆಲಸವನ್ನು ಅಪ್ಪ ಬಿಟ್ಟುಕೊಟ್ಟಿಲ್ಲ. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಕಾಳು ತೆಗೆಯುತ್ತಾನೆ, ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದುತ್ತಾನೆ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ಹಸಿ ಎಷ್ಟಿದೆ ಎಂದು ಹೇಳುತ್ತಾನೆ. ತೇವ ಅಳೆಯುವ ಯಂತ್ರ ಅಂಗಡಿಗೆ ಬಂದು ಹತ್ತು ವರ್ಷವಾಯಿತು. ಯಂತ್ರ ಸರಿ ಇದೆಯೇ ಎಂದು ನೋಡಲು ಅಪ್ಪ ಈಗಲೂ ಒಂದು ಕಾಳು ಕಡಿಯುತ್ತಾನೆ.

ಈ ಕೆಲಸದಲ್ಲಿ ಅಪ್ಪನಿಗೆ ಎರಡು ಕಟ್ಟಳೆ. ಒಂದು, ಚೀಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಚುಚ್ಚಬೇಕು. ಎರಡು, ತೆಗೆದ ಸ್ಯಾಂಪಲ್ಲನ್ನು ಪೂರ್ತಿ ಗಿರಣಿಯವರಿಗೆ ಕೊಡಬಾರದು. ಅರ್ಧ ಅವರಿಗೆ, ಅರ್ಧ ನಮ್ಮ ಹತ್ತಿರ, ಪೊಟ್ಟಣ ಕಟ್ಟಿ ಚೀಟಿ ಹಚ್ಚಿ. ನಾನು ಶಾಲೆಗೆ ಹೋಗುತ್ತಿದ್ದಾಗ ನವಲಿ ಕಡೆಯ ರೈತನೊಬ್ಬನ ಲೋಡನ್ನು ಹಸಿಯಿದೆಯೆಂದು ಗಿರಣಿಯ ಬಾಗಿಲಲ್ಲೇ ನಿಲ್ಲಿಸಿದ್ದರಂತೆ. ಅಪ್ಪ ಮನೆಯಿಂದ ಎರಡನೇ ಪೊಟ್ಟಣ ತರಿಸಿ ಗಿರಣಿ ಮಾಲೀಕನ ಅಂಗೈಗೆ ಸುರಿದು, ಕಡಿದು ನೋಡು ಎಂದನಂತೆ. ಮಾಲೀಕ ಕಡಿದ, ಲೋಡು ಇಳಿಯಿತು. ಈ ಕಥೆಗೆ ಅಪ್ಪನೊಬ್ಬನೇ ಮೂಲ. ಆದರೂ ಮನೆಯಲ್ಲಿ ಯಾರೂ ಇದನ್ನು ಪ್ರಶ್ನಿಸಿಲ್ಲ. ನಾನೂ ಇಲ್ಲ.

ಮೊದಲ ಪರೀಕ್ಷೆ ಗಂಗಾವತಿಯಲ್ಲೇ ಆಯಿತು. ಸಣ್ಣ ಸೂಜಿಯಿಂದ ಗಂಟಿನ ನೀರು ಎಳೆದರು. ಸೂಜಿ ಹಿಡಿದಿದ್ದ ಯುವತಿಗೆ ಅಪ್ಪ ಕುರ್ಚಿಯಿಂದ ಏಳುವ ಮೊದಲೇ ಕೇಳಿದ.

"ಎಷ್ಟ ಕಡಿ ಚುಚ್ಚಿದಿ ತಂಗಿ?"

"ಒಂದ ಕಡಿ ರೀ, ಅಜ್ಜಾರ."

"ಒಂದ ಕಡಿ ಚುಚ್ಚಿ ಲಾರಿ ಇಳಸ್ತೀಯೇನವಾ?"

ಎರಡು ದಿನದ ನಂತರ ರಿಪೋರ್ಟ್ ಬಂತು. ಸಿಕ್ಕ ಜೀವಕೋಶಗಳು ಸಾಲವು, ಅಭಿಪ್ರಾಯ ಕೊಡಲಾಗದು ಎಂದಿತ್ತು. ತಮ್ಮ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ಅಪ್ಪ ಮಾತ್ರ ಪಂಚಾಯಿತಿಯಲ್ಲಿ ಗೆದ್ದವನಂತೆ ಮೆಟ್ಟಿಲಿಳಿದ. ಅಂದು ಮಧ್ಯಾಹ್ನದೊಳಗೆ ಅಂಗಡಿಯ ಹಮಾಲರಿಗೆ, ಚಹಾದಂಗಡಿಯವನಿಗೆ, ಮಾಲು ಇಳಿಸಲು ನಿಂತಿದ್ದ ಇಬ್ಬರು ಲಾರಿ ಡ್ರೈವರುಗಳಿಗೆ, ಒಂದೇ ಕಡೆ ಚುಚ್ಚಿದರೆ ಏನಾಗುತ್ತದೆ ಎಂಬುದನ್ನು ತನ್ನ ಕಿವಿಯನ್ನೇ ತೋರಿಸಿ ವಿವರಿಸಿದ್ದ. ನಾನು ಹಾಕಿದ ನಿರ್ಬಂಧ ಐದು ದಿನ ಬಾಳಿತು. ಸುದ್ದಿ ಸೋರಿದ್ದು ಸ್ವತಃ ಗಂಟಿನ ಮಾಲೀಕನಿಂದ.

ಎರಡನೇ ಪರೀಕ್ಷೆಗೆ ಕೊಪ್ಪಳಕ್ಕೆ ಕರೆದುಕೊಂಡು ಬಂದೆವು. ಈ ಸಲ ದಪ್ಪ ಸೂಜಿಯಿಂದ ಗಂಟಿನ ಚೂರುಗಳನ್ನೇ ತೆಗೆಯುವುದು. ಮೂರು ಕಡೆಯಿಂದ ತೆಗೆಯಬೇಕೆಂದು ಅಪ್ಪ ಹೇಳಿದ. ತಾವು ಹೇಗೂ ಮೂರು ಕಡೆಯಿಂದಲೇ ತೆಗೆಯುವುದೆಂದು ಡಾಕ್ಟರು ಹೇಳಿದರು. ಅಪ್ಪನಿಗೆ ಅವರ ಮೇಲೆ ವಿಶ್ವಾಸ ಬಂತು. ಮಲಗಿಸಿ ಮರಗಟ್ಟುವ ಇಂಜೆಕ್ಷನ್ ಕೊಡುತ್ತಿದ್ದಾಗ ಅವರ ಊರು, ಜಮೀನು, ಈ ಸಲ ಯಾವ ಭತ್ತ ಹಾಕಿದ್ದಾರೆ ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡ.

ಫೆಬ್ರುವರಿ 9, ಸೋಮವಾರ ಆ ರಿಪೋರ್ಟ್ ಬಂತು. ಅನುಮಾನ ಹುಟ್ಟಿಸುವ ಕೋಶಗಳಿವೆ. ಕ್ಯಾನ್ಸರ್ ಎಂದು ಹೇಳಲಾಗದು, ಅಲ್ಲವೆಂದೂ ಹೇಳಲಾಗದು. ಇನ್ನೊಬ್ಬ ಪರಿಣತರಿಗೆ ತೋರಿಸುವುದು ಒಳ್ಳೆಯದು. ನಾಲ್ಕು ಸಲ ಓದಿದೆ. ವರದಿಗಾರನೊಬ್ಬ ಇಂಥ ಸಾಲು ಕಳಿಸಿದ್ದರೆ, ಏನಾದರೂ ಒಂದು ಹೇಳು ಎಂದು ವಾಪಸ್ ಕಳಿಸುತ್ತಿದ್ದೆ. ಇದನ್ನು ಎಲ್ಲಿಗೆ ಕಳಿಸುವುದು ಗೊತ್ತಾಗಲಿಲ್ಲ. ಕ್ಯಾನ್ಸರ್ ಆಗಿದ್ದರೆ ದೊಡ್ಡ ಆಪರೇಷನ್, ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸುವುದು, ಅದರಾಚೆಗಿನದು ಯಾರಿಗೂ ಗೊತ್ತಿಲ್ಲ. ಅಲ್ಲದಿದ್ದರೆ ಅಪ್ಪ ವಾರದಲ್ಲಿ ಅಂಗಡಿಗೆ ಹೋಗಿ ಕಾಳು ಕಡಿಯಬಹುದು. ಮನೆಯಲ್ಲಿ ಉಳಿದಿದ್ದು ಇದೊಂದೇ ಪ್ರಶ್ನೆ.

ಮಾತಾಡಿಸಿ ಹೋಗಲು ಜನ ಬರತೊಡಗಿದರು. ಬಾಳೆಹಣ್ಣು, ಬ್ರೆಡ್ಡು, ಎಳನೀರು ನಡುಮನೆಯ ಮೂಲೆಯಲ್ಲಿ ರಾಶಿಬಿತ್ತು. ಬಂದವರೆಲ್ಲ ಗಂಟನ್ನು ಒತ್ತಿ ನೋಡುತ್ತಿದ್ದರು. ಬೇರೆ ರೋಗಿಯಾಗಿದ್ದರೆ ಬೇಡವೆನ್ನುತ್ತಿದ್ದ. ಅಪ್ಪ ಕಿವಿ ಮುಂದೆ ಮಾಡಿ ಕೂತು, ಪ್ರತಿಯೊಬ್ಬರ ಅಭಿಪ್ರಾಯ ಕೇಳುತ್ತಿದ್ದ. ಮೆತ್ತಗಿದೆ ಎಂದವರು ಕೆಲವರು, ಗಟ್ಟಿ ಎಂದವರು ಕೆಲವರು. ಗಟ್ಟಿ ಎಂದವರಿಗೆ ಅವ್ವ ಚಹಾ ತಡವಾಗಿ ಕೊಡುತ್ತಿದ್ದಳು ಎಂಬುದು ತಮ್ಮನ ಆರೋಪ. ಅವ್ವ ಅದನ್ನು ನಿರಾಕರಿಸಿದ್ದಾಳೆ.

ಯಲಬುರ್ಗಾದಿಂದ ಅಪ್ಪನ ಅಕ್ಕ, ನಮ್ಮ ಅತ್ತೆ, ಖಡಕ್ ರೊಟ್ಟಿಯ ಗಂಟು ಮತ್ತು ಗುರೆಳ್ಳು ಚಟ್ನಿಯ ಡಬ್ಬಿ ಹೊತ್ತು ಬಂದಳು. ಎಂಬತ್ತು ದಾಟಿದ್ದಾಳೆ, ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಹೆಬ್ಬೆರಳಿನಿಂದ ಗಂಟು ಒತ್ತಿ ತೀರ್ಪು ಕೊಟ್ಟಳು.

"ಎರಿ ಹೊಲದ ಜ್ವಾಳ ತಿಂದವರಿಗೆ ಇಂಥಾವು ಬರಂಗಿಲ್ಲ. ಕಾಲುವಿ ನೀರಿನ ಅನ್ನ ತಿಂದೂ ತಿಂದೂ ಒಂದ ಕಾಳ ದಾರಿ ತಪ್ಪಿ ಕಿವಿ ಕೆಳಗ ಹೋಗಿ ಕುಂತೈತಿ."

"ನೀವು ಡಾಕ್ಟರಿಗೆ ತೋರಸ್ಕೊಂಡ್ರ ಅಲ್ಲೇನಕ್ಕಾ, ಬಂದದ್ದು ಗೊತ್ತಾಗೋದು," ಎಂದ ಅಪ್ಪ.

ಅತ್ತೆ ನಾಲ್ಕು ದಿನ ಇದ್ದು, ಮನೆಯಲ್ಲಿ ಅನ್ನ ಮಾಡುವುದನ್ನು ನಿಲ್ಲಿಸಿ ಹೋದಳು. ಭತ್ತದ ದಲಾಲಿಯ ಮನೆಯಲ್ಲಿ ನಾಲ್ಕು ದಿನ ಅಕ್ಕಿ ಬೇಯದೆ ಇದ್ದದ್ದು ನನ್ನ ನೆನಪಿನಲ್ಲಿ ಇದೇ ಮೊದಲು.

ಹುಬ್ಬಳ್ಳಿಯಲ್ಲಿ ಕಿವಿಯ ಕೆಳಗಿನ ಈ ಜೊಲ್ಲುಗ್ರಂಥಿಗಳನ್ನೇ ನೋಡುವ ಹಿರಿಯ ಡಾಕ್ಟರೊಬ್ಬರಿದ್ದಾರೆಂದು ಕೊಪ್ಪಳದವರು ಹೇಳಿದರು. ತೆಗೆದ ಚೂರುಗಳನ್ನು ಲ್ಯಾಬಿನಲ್ಲಿ ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ಬಿಳಿ ಮೇಣ, ಮೇಣದ ನಡುವೆ ಅಪ್ಪನ ಚೂರು. ಇದಕ್ಕೆ ಬ್ಲಾಕ್ ಎನ್ನುತ್ತಾರೆ. ಬ್ಲಾಕುಗಳನ್ನು ಲ್ಯಾಬಿನಿಂದ ಪಡೆದು ಹುಬ್ಬಳ್ಳಿಗೆ ಒಯ್ಯಬೇಕಿತ್ತು. ಫೆಬ್ರುವರಿ 14, ಶನಿವಾರ ನನಗೆ ಪುಟದ ಕೆಲಸವಿತ್ತು. ಅಪ್ಪನೇ ತಮ್ಮನ ಜೊತೆ ಕೊಪ್ಪಳಕ್ಕೆ ಬಂದು, ಸಹಿ ಮಾಡಿ, ಪಡೆದುಕೊಂಡು ಗಂಗಾವತಿಗೆ ಮರಳಿದ. ಗುಂಪಿನಲ್ಲಿ ತಮ್ಮ ಬರೆದ: ಮಾಲು ಕೈಸೇರಿದೆ. ಅವ್ವ ಕೈಮುಗಿದಳು.

ಮಂಗಳವಾರ, 17ರಂದು ಅಪ್ಪ, ಅವ್ವ ಕಾರಿನಲ್ಲಿ ಹೊರಟರು. ತಮ್ಮ ಅಂಗಡಿಯಲ್ಲಿ ಉಳಿದ. ಮಂಗಳವಾರ ಹುಲಿಗೆಮ್ಮ ದೇವಿಯ ವಾರ, ಅವ್ವ ಗಾಡಿಯನ್ನು ಹುಲಿಗಿಯ ಗುಡಿಗೆ ತಿರುಗಿಸಿದಳು. ನಾನು ಕೊಪ್ಪಳದಲ್ಲಿ ಹತ್ತಿದಾಗ ಗಂಡಹೆಂಡಿರ ನಡುವೆ ವಾದ ನಡೆದಿತ್ತು. ಏನು ಹರಕೆ ಹೊತ್ತಿದ್ದಾಳೆಂದು ಅವ್ವ ಹೇಳುತ್ತಿಲ್ಲ ಎಂಬುದು ಅಪ್ಪನ ದೂರು.

"ಅರ್ಧ ಈಗ ಮುಟ್ಟಿಸೀನಿ, ಅರ್ಧ ರಿಪೋರ್ಟ್ ಬಂದ ಮ್ಯಾಲ," ಎಂದಳು ಅವ್ವ. "ನಿಮ್ಮ ಜೋಡಿ ಐವತ್ತು ವರ್ಷ ಬಾಳೇವು ಮಾಡೀನಿ, ಪೂರಾ ಯಾರ ಕೈಯಾಗೂ ಕೊಡಂಗಿಲ್ಲ."

ಅಪ್ಪ ಕಿಟಕಿಯ ಕಡೆ ನೋಡಿದ. ಆ ಮಾತಿನಲ್ಲಿ ಸುದ್ದಿಯಿತ್ತು. ನಾನು ಹಿಡಿಯಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಮಿತಭಾಷಿ. ಅಪ್ಪ ಕೊಟ್ಟ ಪೊಟ್ಟಣ ಒಳಗೆ ಕಳಿಸಿ, ನಮ್ಮನ್ನು ಮಧ್ಯಾಹ್ನದ ನಂತರ ಕರೆದರು. ಈ ಬ್ಲಾಕಿನಲ್ಲಿ ಬರೀ ಒಳ್ಳೆಯ ಗ್ರಂಥಿಯ ಚೂರಿದೆ, ಕಾಯಿಲೆಯ ಚೂರೇ ಇಲ್ಲ, ಕೊಪ್ಪಳದ ರಿಪೋರ್ಟಿನಲ್ಲಿ ಎರಡು ಬ್ಲಾಕ್ ಎಂದು ಬರೆದಿದೆ, ಇನ್ನೊಂದು ಎಲ್ಲಿ ಎಂದು ಕೇಳಿದರು.

ನಾನು ಅಲ್ಲೇ ಕೊಪ್ಪಳದ ಲ್ಯಾಬಿಗೆ ಫೋನ್ ಮಾಡಿದೆ. ಧ್ವನಿ ಏರಿಸಲಿಲ್ಲ, ಆದರೆ ಯಾವ ಊರಿಂದ, ಯಾವ ಪತ್ರಿಕೆಯಿಂದ ಎಂಬುದನ್ನು ಅಗತ್ಯವಿಲ್ಲದಿದ್ದರೂ ಹೇಳಿದೆ. ಆ ಕಡೆಯವರು ಸಮಾಧಾನದಿಂದ ರಿಜಿಸ್ಟರ್ ತೆರೆದು ಓದಿದರು: ಬ್ಲಾಕ್ ಎರಡು, ಪಡೆದವರು ರೋಗಿ ಸ್ವತಃ, ಸಹಿ ಇದೆ. ನಾನು ಅಪ್ಪನ ಕಡೆ ತಿರುಗಿದೆ.

"ಅದು ಮನ್ಯಾಗ ಐತಿ," ಎಂದ ಅಪ್ಪ.

ಅಪ್ಪನೇ ಮುಂದುವರಿಸಿದ, ನನಗಲ್ಲ, ಡಾಕ್ಟರಿಗೆ. ವ್ಯಾಪಾರಸ್ಥನೊಬ್ಬ ಇನ್ನೊಬ್ಬನಿಗೆ ಹೇಳುವ ಧಾಟಿಯಲ್ಲಿ.

"ಪೂರಾ ಸ್ಯಾಂಪಲ್ ನಿಮ್ಮ ಕೈಯಾಗ ಕೊಟ್ಟು, ನಾಳೆ ನೀವು ಮಾಲು ಕೆಟ್ಟೈತಿ ಅಂದ್ರ, ನಾ ಏನ ತೋರಸ್ಲಿರಿ?"

ಡಾಕ್ಟರು ಕನ್ನಡಕ ತೆಗೆದರು. "ಯಜಮಾನ್ರ, ಕೆಟ್ಟೈತಿ ಅನ್ನಾಕೂ ನನಗ ಪೂರಾ ಬೇಕ್ರಿ. ಛಲೋ ಐತಿ ಅನ್ನಾಕೂ ಪೂರಾ ಬೇಕ್ರಿ."

ಅಪ್ಪನ ಬಲಗೈ ಕಿವಿಯ ಕೆಳಗೆ ಹೋಯಿತು. ಒಂದು ತಿಂಗಳಿಂದ ಆ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಕೆಟ್ಟಿದೆ ಎಂದು ಯಾರಾದರೂ ಹೇಳಿದ ದಿನ ತೆಗೆದು ತೋರಿಸಲು ಒಂದು ಪೊಟ್ಟಣವನ್ನು ಅಪ್ಪ ಹಿಂದೆ ಇಟ್ಟುಕೊಂಡಿದ್ದ. ಆದರೆ ಯಾರ ಅಂಗೈಗೆ ಸುರಿಯುವುದು ಎಂಬುದನ್ನು ಯೋಚಿಸಿದಂತಿರಲಿಲ್ಲ.

ತಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಮನೆಯ ಕಪಾಟಿನಲ್ಲಿ, ಭತ್ತದ ಪೊಟ್ಟಣಗಳಿರುವ ಖಾನೆಯಲ್ಲಿ ನೋಡು ಎಂದು ಅಪ್ಪ ಹೇಳಿದ. ತಮ್ಮ ಅಂಗಡಿಯಿಂದ ಮನೆಗೆ ಹೋಗಿ ಹುಡುಕಿದ. ಸೋನಾ ಮಸೂರಿ ಇದೆ, ಹಳೆಯ ಮೂರು ಪೊಟ್ಟಣಗಳಲ್ಲಿ ಹುಳ ಬಿದ್ದಿದೆ, ಬ್ಲಾಕ್ ಇಲ್ಲ ಎಂದ. ಅಪ್ಪನ ಮುಖದಲ್ಲಿ ಮೊದಲ ಸಲ ಗಾಬರಿ ಕಂಡೆ.

ಅಷ್ಟರಲ್ಲಿ ಅವ್ವ ಸೀರೆಯ ಸೆರಗು ಸರಿಮಾಡಿಕೊಂಡು ಫೋನಿನ ಹತ್ತಿರ ಬಾಗಿದಳು. "ಫ್ರಿಡ್ಜಿನ ಬಾಗಲಾಗ ನೋಡಪಾ. ನಿಂಬಿಕಾಯಿ ಹಿಂದ. ಮೇಣ ಅಲ್ಲೇನು, ಕಪಾಟಿನಾಗ ಕರಗತೈತಿ ಅಂತ ನಾನ ಎತ್ತಿಟ್ಟೀನಿ."

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡು, ಮೇಜಿನ ಮೇಲಿನ ಕಾಗದವೊಂದನ್ನು ಬಹಳ ಹೊತ್ತು ಓದಿದರು. ಅದು ಖಾಲಿ ಕಾಗದ ಎಂದು ನಾನು ಕೂತಲ್ಲಿಂದಲೇ ಕಾಣುತ್ತಿತ್ತು.

ನಿಂಬೆಯ ಹಿಂದೆ ಸಿಕ್ಕ ಪೊಟ್ಟಣದ ಫೋಟೊವನ್ನು ತಮ್ಮ ಗುಂಪಿನಲ್ಲಿ ಹಾಕಿದ. ಅಪ್ಪನ ಕೈಬರಹದ ಚೀಟಿ ಹಚ್ಚಿತ್ತು. ಅದರ ಪೂರ್ಣ ಪಾಠ: "ಮಾಲು: ಬಲಗಿವಿ ಕೆಳಗಿನದು. ಊರು: ಗಂಗಾವತಿ. ಚೀಲ: ಒಂದು. ಸ್ಯಾಂಪಲ್ ಎರಡನೇದು, ಯಾರಿಗೂ ಕೊಡತಕ್ಕದ್ದಲ್ಲ."

ರಾತ್ರಿ ನಾವು ಮೂವರೂ ಹುಬ್ಬಳ್ಳಿಯಲ್ಲೇ ಉಳಿದೆವು. ಮರುದಿನ ತಮ್ಮ ಅದನ್ನು ಥರ್ಮಾಸ್ ಫ್ಲಾಸ್ಕಿನಲ್ಲಿ, ಸುತ್ತ ಐಸಿಟ್ಟು, ಹುಬ್ಬಳ್ಳಿಗೆ ತಂದ. ದಾರಿಯುದ್ದಕ್ಕೂ ಫ್ಲಾಸ್ಕನ್ನು ತೊಡೆಯ ನಡುವೆ ಹಿಡಿದಿದ್ದನೆಂದು ಡ್ರೈವರ್ ಹೇಳಿದ. ಐಸಿನ ಅಗತ್ಯವಿಲ್ಲ, ಮೇಣ ಅಷ್ಟು ಸುಲಭಕ್ಕೆ ಕರಗುವುದಿಲ್ಲ ಎಂದು ಲ್ಯಾಬಿನವರು ತಿಳಿಸಿದರು. ಕಪಾಟಿನಲ್ಲೇ ಇರಬಹುದಿತ್ತಲ್ಲ ಎಂದು ಅಪ್ಪ ಅವ್ವನ ಕಡೆ ನೋಡಿದ. ಹುಳ ಬೀಳುತ್ತಿತ್ತು ಎಂದಳು ಅವ್ವ.

24ರಂದು ಡಾಕ್ಟರು ಮತ್ತೆ ಕರೆದರು. ಎರಡನೇ ಬ್ಲಾಕಿನಲ್ಲಿ ಕಾಯಿಲೆಯ ಚೂರು ಇತ್ತು. ಆದರೆ ಇಷ್ಟೇ ಚೂರಿನಿಂದ ಅದು ಯಾವ ಜಾತಿಯದೆಂದು ತಾವೂ ಹೇಳಲಾರೆವು ಎಂದರು. ಕೆಲವು ಗಂಟುಗಳ ಸ್ವಭಾವ ಅಂಚಿನಲ್ಲಿ ತಿಳಿಯುತ್ತದೆ. ಅಂಚು ನೋಡಬೇಕಾದರೆ ಗಂಟನ್ನು ಇಡಿಯಾಗಿ ತೆಗೆದು ಇಡಿಯಾಗಿ ಲ್ಯಾಬಿಗೆ ಕಳಿಸಬೇಕು. ಇಡಿಯಾಗಿ ಎಂಬ ಮಾತನ್ನು ಅಪ್ಪನನ್ನು ನೋಡಿ ಎರಡು ಸಲ ಹೇಳಿದರು. ಇನ್ನೊಂದು ವಿಷಯವನ್ನೂ ಮುಚ್ಚಿಡಲಿಲ್ಲ. ಮುಖದ ನರ ಆ ಗ್ರಂಥಿಯ ಮಧ್ಯದಿಂದಲೇ ಹಾದುಹೋಗುತ್ತದೆ. ಜೋಪಾನ ಮಾಡುತ್ತಾರೆ, ಆದರೂ ಕೆಲವರಿಗೆ ನಕ್ಕಾಗ ತುಟಿಯ ಒಂದು ಕಡೆ ಏಳುವುದಿಲ್ಲ.

"ನಗೋದು ಹೋದ್ರ ಹೋಗವಲ್ದ್ಯಾಕ," ಎಂದ ಅಪ್ಪ.

"ಇದ್ದದ್ದರ ಯಾವಾಗ?" ಎಂದಳು ಅವ್ವ. "ಐವತ್ತು ವರ್ಷದಾಗ ನಾ ಎರಡ ಸಲ ನೋಡೀನ್ರಿ ಡಾಕ್ಟರ. ಒಂದ ನಮ್ಮ ಮದವ್ಯಾಗ, ಅದೂ ಫೋಟೋದವ ನಗ್ರಿ ಅಂದದ್ದಕ್ಕ."

ಡಾಕ್ಟರು ಆಪರೇಷನ್ನಿಗೆ ಮುನ್ನ ಮುಖದ ಎರಡೂ ಬದಿ ಹೇಗಿವೆ ಎಂದು ದಾಖಲಿಸಬೇಕಿತ್ತು. ನಗಿರಿ ಎಂದರು. ಅಪ್ಪನಿಗೆ ಸಾಧ್ಯವಾಗಲಿಲ್ಲ. ಕಾಳು ಕಡಿಯುವಂತೆ ಹಲ್ಲು ಕಚ್ಚಿ ತೋರಿಸಿ ಎಂದು ನಾನು ಹೇಳಿದೆ. ಅದು ಬಂತು. ಎರಡೂ ಬದಿ ಸಮ ಎಂದು ಬರೆದುಕೊಂಡರು.

ವಾಪಸ್ ಬರುವಾಗ ನಾನು ಕೊಪ್ಪಳದಲ್ಲಿ ಇಳಿದಾಗ ಅಪ್ಪ ಕಿಟಕಿಯಿಂದ ಕೈ ಹೊರಗೆ ಚಾಚಿ ನನ್ನ ಮುಂಗೈ ಹಿಡಿದುಕೊಂಡ.

"ಯವ್ವಾ, ಪೂರಾ ಕೊಟ್ಟ ಮ್ಯಾಲ ಅವರು ಅಂದದ್ದ ಖರೇ. ಹೌದಲ್ಲ?"

ಹೌದು ಎಂದೆ. ಕೈ ಬಿಟ್ಟ. ಕಾರು ಗಂಗಾವತಿಯ ಕಡೆ ಹೋಯಿತು.

ಮಾರ್ಚ್ 12, ಗುರುವಾರ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಒಪ್ಪಿಗೆಯ ಕಾಗದವನ್ನು ಅಪ್ಪ ಪೂರ್ತಿ ಓದಿದ. ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸಲಾಗುವುದು ಎಂಬ ಸಾಲಿನ ಮುಂದೆ "ಪೂರಾ" ಎಂದು ತನ್ನ ಕೈಯಿಂದ ಬರೆದು, ಅದರ ಕೆಳಗೆ ಇನ್ನೊಂದು ಸಹಿ ಹಾಕಿದ. ಹಾಗೆ ಬರೆಯುವ ಪದ್ಧತಿ ಇಲ್ಲವೆಂದು ನರ್ಸ್ ಹೇಳಿದರು. ಬರೆದಾಗಿತ್ತು.

ಮೂರು ಗಂಟೆಯ ನಂತರ ಒಬ್ಬರು ಮುಚ್ಚಳದ ಡಬ್ಬಿ ಹಿಡಿದು ಬಾಗಿಲಿಗೆ ಬಂದು ರೋಗಿಯ ಕಡೆಯವರನ್ನು ಕರೆದರು. ತೆಗೆದದ್ದನ್ನು ಮನೆಯವರಿಗೆ ತೋರಿಸಿಯೇ ಲ್ಯಾಬಿಗೆ ಕಳಿಸುವುದು ಅಲ್ಲಿನ ಪದ್ಧತಿ. ತಮ್ಮ ಗೋಡೆಯ ಕಡೆ ತಿರುಗಿ ನಿಂತ. ಅವ್ವ ಮುಂದೆ ಹೋದಳು. ಡಬ್ಬಿಯನ್ನು ಬೆಳಕಿಗೆ ಹಿಡಿಸಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಎಲ್ಲಾ ಇದರಾಗ ಐತೇನ್ರಿ?"

"ಎಲ್ಲಾ ಐತ್ರಿ, ಅಮ್ಮಾರ."

"ಹಂಗಾರ ಒಯ್ರಿ. ನಮಗೇನೂ ಬ್ಯಾಡ."

ಸಂಜೆ ಅಪ್ಪನಿಗೆ ಎಚ್ಚರವಾಯಿತು. ಡಾಕ್ಟರು ಬಂದು ಹಲ್ಲು ಕಚ್ಚಲು ಹೇಳಿದರು. ಎಡಬದಿ ಪೂರ್ತಿ ಎದ್ದಿತು, ಬಲಬದಿ ಸ್ವಲ್ಪ ತಡವಾಗಿ ಎದ್ದಿತು. ತಡವಾದದ್ದು ಕೆಲವು ವಾರಗಳಲ್ಲಿ ಸರಿಹೋಗಬಹುದು ಎಂದರು. ಹದಿನೈದರಂದು ಮನೆಗೆ ಬಂದೆವು. ಅತ್ತೆ ಮತ್ತೆ ರೊಟ್ಟಿ ಕಳಿಸಿದ್ದಾಳೆ. ಅಗಿಯಲು ಆಗದ ಕಾರಣ ಅಪ್ಪ ಸದ್ಯ ಗಂಜಿ ಕುಡಿಯುತ್ತಿದ್ದಾನೆ, ಸೋನಾ ಮಸೂರಿಯದೇ. ಹುಬ್ಬಳ್ಳಿಯವರು ಎರಡೂ ಬ್ಲಾಕುಗಳನ್ನು ವಾಪಸ್ ಕೊಟ್ಟಿದ್ದಾರೆ. ಅವು ನಿಂಬೆಯ ಹಿಂದೆ ಇವೆ. ಯುಗಾದಿಯ ದಿನ ಅಂಗಡಿಯಿಂದ ತಮ್ಮ ಹೊಸ ಭತ್ತದ ಹಿಡಿ ತಂದು ಅಪ್ಪನ ಅಂಗೈಗೆ ಹಾಕಿದ. ಅಪ್ಪ ತಿಕ್ಕಿ, ಊದಿ, ಒಂದು ಕಾಳನ್ನು ಎಡದವಡೆಯಲ್ಲಿ ಇಟ್ಟುಕೊಂಡ. ಕಡಿಯಲಿಲ್ಲ, ಹೊರಗೆ ತೆಗೆದು ಅವ್ವನ ಕೈಗೆ ಕೊಟ್ಟ. ಅವ್ವ ಕಡಿದು, ಒಣಗಿದೆ ಎಂದಳು.

ಲ್ಯಾಬಿನವರು ಎಂಟರಿಂದ ಹತ್ತು ದಿನ ಹೇಳಿದ್ದರು. ಮಾರ್ಚ್ 21, ಶನಿವಾರ ಸಂಜೆ ಆರು ಗಂಟೆಯವರೆಗೆ ರಿಪೋರ್ಟ್ ಬಂದಿಲ್ಲ.